ರಜೆಯ ಚೀಲಕ್ಕೆ ಯಾವ ಪುಸ್ತಕ? ಬಿಟ್ಟಲ್ಲಿಂದ ಹಿಡಿಯಬಹುದಾದವು, ಹಿಡಿಯಲಾಗದವು

ಮೂರು ವರ್ಷದ ಹಿಂದೆ ದಸರಾ ರಜೆಗೆ ಸಿರ್ಸಿ ಕಡೆಯ ಅಕ್ಕನ ಮನೆಗೆ ಹೊರಟಾಗ ನಾಲ್ಕು ದಪ್ಪ ಕಾದಂಬರಿಗಳನ್ನು ಕಟ್ಟಿಕೊಂಡು ಹೋಗಿದ್ದೆ. ಹಿಂದಿನ ರಾತ್ರಿ ಅಡುಗೆಮನೆಯ ತೂಕದ ಯಂತ್ರದ ಮೇಲೆ ತಮಾಷೆಗೆ ಇಟ್ಟು ನೋಡಿದರೆ ಮೂರು ಕಿಲೋ ಮುಟ್ಟಿತ್ತು. ಒಂಬತ್ತು ದಿನ ಅಲ್ಲಿದ್ದೆ. ಓದಿದ್ದು ಒಂದರಲ್ಲಿ ಅರವತ್ತು ಪುಟ, ಇನ್ನೊಂದರಲ್ಲಿ ಮುನ್ನುಡಿ. ಉಳಿದ ಹೊತ್ತೆಲ್ಲ ಅಕ್ಕನ ಮನೆಯ ಅಟ್ಟದಲ್ಲಿ ಸಿಕ್ಕಿದ, ಮುಖಪುಟ ಹರಿದುಹೋದ ಹಳೆಯ ವಾರಪತ್ರಿಕೆಗಳನ್ನು ಓದಿದೆ. ಒಂದು ಧಾರಾವಾಹಿಯ ಹನ್ನೊಂದನೆಯ ಕಂತು ಇತ್ತು, ಹನ್ನೆರಡನೆಯದು ಇರಲಿಲ್ಲ. ಹುಡುಗಿ ಬಾವಿಕಟ್ಟೆಯ ಹತ್ತಿರ ನಿಂತಲ್ಲಿಗೆ ಕಥೆ ನಿಂತಿತು. ಇವತ್ತಿಗೂ ಅಲ್ಲೇ ನಿಂತಿದೆ.

ಪುಸ್ತಕಗಳದ್ದೇನೂ ತಪ್ಪಿರಲಿಲ್ಲ. ನಾಲ್ಕೂ ಒಳ್ಳೆಯವು, ನಾಲ್ಕೂ ಒಂದೇ ಬಗೆಯವು. ಎಲ್ಲವೂ ಓದುಗನಿಂದ ಎರಡು ಗಂಟೆಯ ಸತತ ಮೌನ ಕೇಳುವಂಥವು. ರಜೆಯಲ್ಲಿ ಬಿಡುವು ಧಾರಾಳ, ಎರಡು ಗಂಟೆಯ ಮೌನ ಮಾತ್ರ ಸಿಗುವುದಿಲ್ಲ. ಜಗುಲಿಯಲ್ಲಿ ಕುಳಿತು ಪುಸ್ತಕ ತೆರೆದ ಹತ್ತನೇ ನಿಮಿಷಕ್ಕೆ ಒಳಗಿನಿಂದ ಕಷಾಯ ಬರುತ್ತದೆ. ಅದರ ಹಿಂದೆಯೇ ಭಾವ ಬಂದು, 'ತೋಟದ ಕಡೆ ಹೋಗಿ ಬರೋಣ ಬಾ, ಓದುವುದು ಇದ್ದೇ ಇದೆ' ಎನ್ನುತ್ತಾರೆ. ಹೋಗದಿದ್ದರೆ ತಪ್ಪಾಗುತ್ತದೆ, ಹೋದರೆ ಕಾದಂಬರಿಯ ಎಳೆ ಕೈ ತಪ್ಪುತ್ತದೆ.

ಅಲ್ಲಿಂದ ಮುಂದೆ ನಾನು ರಜೆಗೆ ಪುಸ್ತಕ ಆರಿಸುವಾಗ ಲೇಖಕರ ಹೆಸರು, ಪ್ರಶಸ್ತಿ, ದಪ್ಪ ಯಾವುದನ್ನೂ ಮೊದಲು ನೋಡುವುದಿಲ್ಲ. ಮಧ್ಯದಲ್ಲಿ ಯಾರೋ ಕರೆದು, ಅರ್ಧ ದಿನ ಬಿಟ್ಟು ಮತ್ತೆ ತೆರೆದರೆ ಈ ಪುಸ್ತಕ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ ಎಂಬ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೆಲವು ಪುಸ್ತಕಗಳು ಮನೆಯವರ ಹಾಗೆ, ಎಷ್ಟು ಹೊತ್ತಿಗೆ ಹೋದರೂ ಬಾಗಿಲು ತೆರೆದಿರುತ್ತದೆ. ಕೆಲವು ಮುನಿಸಿಕೊಳ್ಳುತ್ತವೆ. ಚೀಲದಲ್ಲಿ ಎರಡೂ ಬಗೆಯವು ಇರಲಿ, ಆದರೆ ಮುನಿಸಿಕೊಳ್ಳುವಂಥದ್ದು ಒಂದೇ ಇರಲಿ.

ದಪ್ಪದ್ದು ಒಂದೇ ಸಾಕು, ಆದರೆ ಯಾವುದು?

ವರ್ಷವಿಡೀ ಮುಂದೂಡಿದ ಒಂದು ದೊಡ್ಡ ಕಾದಂಬರಿಯನ್ನು ರಜೆಯಲ್ಲಿ ಮುಗಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ನನ್ನ ಕಪಾಟಿನಲ್ಲಿ ಈ ಜಾಗಕ್ಕೆ ಪೈಪೋಟಿ ಕೊಡುವವು ಮೂರು: ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967), ಭೈರಪ್ಪನವರ 'ಪರ್ವ' (1979), ತ.ರಾ.ಸು. ಅವರ 'ದುರ್ಗಾಸ್ತಮಾನ' (1982).

'ಮಲೆಗಳಲ್ಲಿ ಮದುಮಗಳು' ಏಳುನೂರು ಪುಟ ದಾಟುತ್ತದೆ. ಆದರೆ ಕಷ್ಟ ಪುಟಗಳದ್ದಲ್ಲ, ಹೆಸರುಗಳದ್ದು. ಗುತ್ತಿ, ಅವನ ನಾಯಿ ಹುಲಿಯನ ಜೊತೆ ಕಾಡಿನ ದಾರಿ ಹಿಡಿದವರು ಸ್ವಲ್ಪ ಹೊತ್ತಿಗೆ ಹತ್ತಾರು ಮನೆ, ಅಷ್ಟೇ ಹಟ್ಟಿ, ಪ್ರತಿ ಮನೆಯಲ್ಲೂ ಅಜ್ಜನಿಂದ ಹಿಡಿದು ಮೊಮ್ಮಗನವರೆಗಿನ ಜನರ ನಡುವೆ ನಿಂತಿರುತ್ತಾರೆ. ಎರಡು ದಿನ ಬಿಟ್ಟು ತೆರೆದರೆ ಯಾವ ಗೌಡರು ಯಾವ ಮನೆಯವರು ಎಂಬುದು ಮರೆತಿರುತ್ತದೆ. ಮೈಸೂರಿನ ರಂಗಾಯಣ 2010ರಲ್ಲಿ ಇದನ್ನು ರಂಗಕ್ಕೆ ತಂದಾಗ ನಾಟಕ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ ನಡೆಯುತ್ತಿತ್ತು. ಕಾದಂಬರಿ ಓದುಗನಿಂದಲೂ ಅಂಥದೇ ಒಂದು ಕೂರುವಿಕೆಯನ್ನು ಕೇಳುತ್ತದೆ. ಇದನ್ನೇ ಒಯ್ಯುವುದಾದರೆ ಕೊನೆಯ ಖಾಲಿ ಹಾಳೆಯಲ್ಲಿ ಮನೆಗಳ ಹೆಸರು ಬರೆದು, ಕೆಳಗೆ ಜನರ ಹೆಸರು ಸೇರಿಸುತ್ತ ಹೋಗಿ. ಪೆನ್ಸಿಲಿನಲ್ಲಿ ಬರೆಯಿರಿ, ಸಂಬಂಧಗಳನ್ನು ತಿದ್ದಬೇಕಾಗುತ್ತದೆ.

ಗಾತ್ರದಲ್ಲಿ 'ಪರ್ವ'ವೂ ಹತ್ತಿರದ ನೆಂಟನೇ. ಆದರೆ ಒಂದು ಅನುಕೂಲ ಇದೆ: ಕಥೆ ನಿಮಗೆ ಗೊತ್ತು. ಶಲ್ಯನ ಮದ್ರ ದೇಶದಿಂದ ಶುರುವಾಗಿ ಕುಂತಿ, ದ್ರೌಪದಿ, ಭೀಮ, ಕರ್ಣ ಎಂದು ಒಬ್ಬೊಬ್ಬರ ಮನಸ್ಸಿನೊಳಗೆ ಇಳಿಯುತ್ತದೆ. ಮೂರು ದಿನ ಬಿಟ್ಟು ಬಂದರೂ ಯಾರು ಯಾರ ಮಗ ಎಂದು ಹುಡುಕಬೇಕಿಲ್ಲ, ಅಜ್ಜಿ ಬಾಲ್ಯದಲ್ಲೇ ಹೇಳಿಕೊಟ್ಟಿದ್ದಾರೆ. ಪವಾಡಗಳನ್ನೆಲ್ಲ ತೆಗೆದು ಮನುಷ್ಯರನ್ನಷ್ಟೇ ಉಳಿಸಿದ ಮಹಾಭಾರತ ಇದು. ನಡುನಡುವೆ ಭಾರವೆನಿಸುತ್ತದೆ, ಒಂದೊಂದು ಸ್ವಗತ ಉದ್ದವಾಯಿತು ಎಂದೂ ಅನಿಸುತ್ತದೆ, ಆದರೂ ಬಿಟ್ಟಲ್ಲಿಂದ ಹಿಡಿಯುವ ಪರೀಕ್ಷೆಯಲ್ಲಿ ಇದು 'ಮದುಮಗಳು'ವನ್ನು ಸುಲಭವಾಗಿ ಸೋಲಿಸುತ್ತದೆ. ಇವೆರಡರಲ್ಲಿ ದೊಡ್ಡ ಕೃತಿ ಯಾವುದು ಎಂದು ಕೇಳಿದರೆ ನನ್ನ ಉತ್ತರ ಬೇರೆ. ಆ ಜಗಳ ರಜೆ ಮುಗಿದ ಮೇಲೆ ಆಡೋಣ.

'ದುರ್ಗಾಸ್ತಮಾನ'ದ ವಿಷಯ ಚಿಕ್ಕದು. ಚಿತ್ರದುರ್ಗಕ್ಕೆ ಹೋಗುವವರಾದರೆ ಬೇರೆ ಯಾವುದನ್ನೂ ಒಯ್ಯಬೇಡಿ. ಹಗಲು ಕೋಟೆ ಹತ್ತಿ, ರಾತ್ರಿ ವಸತಿಗೃಹದಲ್ಲಿ ಮದಕರಿ ನಾಯಕ ಮತ್ತು ಹೈದರಾಲಿಯ ಕಥೆ ಓದಿದರೆ ಬೆಳಗ್ಗೆ ನೋಡಿದ ಬಾಗಿಲಿಗೆ ಕಾವಲುಗಾರರು ಬಂದು ನಿಲ್ಲುತ್ತಾರೆ. ಬೇರೆಲ್ಲೋ ಹೋಗುವವರಿಗೆ ಅವಸರವಿಲ್ಲ.

ತೆಳುವಾದದ್ದೆಲ್ಲ ಹಗುರವಲ್ಲ

ಪ್ರಯಾಣಕ್ಕೆಂದು ಬಹಳ ಮಂದಿ ಬೆನ್ನಿನ ದಪ್ಪ ನೋಡಿ ಆರಿಸುತ್ತಾರೆ. ಇಲ್ಲಿಯೇ ಮೋಸ ಹೋಗುವುದು. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಬೆಂಗಳೂರಿನಿಂದ ಹೊರಟ ಬಸ್ಸು ತುಮಕೂರು ಮುಟ್ಟುವಷ್ಟರಲ್ಲಿ ಮುಗಿಸಬಹುದು ಎಂದು ತೆರೆದವನು, ಶಿರಾ ದಾಟಿದರೂ ಮೊದಲ ಕೆಲವು ಪುಟಗಳಲ್ಲೇ ಇದ್ದೆ. ನಂಜನಗೂಡು, ಚಾಮರಾಜನಗರ ಸೀಮೆಯ ಆಡುನುಡಿಯಲ್ಲಿ ಬರೆದ ಕೃತಿ ಇದು. ಕಣ್ಣಿನಲ್ಲಿ ಓದಿದರೆ ಎಡವುತ್ತದೆ, ಬಾಯಿಬಿಟ್ಟು ಓದಿದರೆ ಹಾಡಾಗುತ್ತದೆ. ಪಕ್ಕದ ಸೀಟಿನಲ್ಲಿ ಅಪರಿಚಿತರು ಕುಳಿತಿರುವಾಗ ಬಾಯಿಬಿಟ್ಟು ಓದುವ ಧೈರ್ಯ ನನಗಿಲ್ಲ. ಜಗುಲಿಯಲ್ಲಿ, ಒಬ್ಬರೇ ಇರುವ ಬೆಳಗಿನಲ್ಲಿ, ದಿನಕ್ಕೆ ಐದೈದು ಪುಟದಂತೆ ಓದುವವರಿಗೆ ಇಷ್ಟು ಕಡಿಮೆ ತೂಕದಲ್ಲಿ ಇಷ್ಟು ದಿನ ಬಾಳುವ ಪುಸ್ತಕ ಇನ್ನೊಂದಿಲ್ಲ.

ಬಸ್ಸಿಗೆ ಬೇಕಾದದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ಅದೂ ತೆಳು, ಆದರೆ ನೀರಿನ ಹಾಗೆ ಹರಿಯುತ್ತದೆ. ಕಾಫಿ ಹೌಸಿನಲ್ಲಿ ಕುಳಿತ ಒಬ್ಬಾತ, ಬಡತನದಿಂದ ಮಸಾಲೆ ಪುಡಿಯ ವ್ಯಾಪಾರಕ್ಕೆ ಏರಿದ ತನ್ನ ಮನೆಯ ಕಥೆ ಹೇಳುತ್ತಾನೆ. ಒಂದೇ ಕೂರುವಿಕೆಗೆ ಮುಗಿಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಕೂಡುಕುಟುಂಬದ ಮನೆಗೆ ನೆಂಟರಾಗಿ ಹೋಗುತ್ತಿದ್ದರೆ ಹೋಗುವಾಗ ಓದಬೇಡಿ, ಬರುವಾಗ ಓದಿ. ನಾನು ಹೋಗುವಾಗ ಓದಿ, ಅಡುಗೆಮನೆಯಲ್ಲಿ ನಾಲ್ಕು ಜನ ಪಿಸುಗುಟ್ಟಿದಾಗಲೆಲ್ಲ ಅನುಮಾನದಿಂದ ನೋಡುವಂತಾಯಿತು. ಪಾಪ, ಅವರು ಉಪ್ಪಿನಕಾಯಿಯ ಬಗ್ಗೆ ಮಾತಾಡುತ್ತಿದ್ದರು.

ಇವೆರಡರ ನಡುವಿನ ಹದಕ್ಕೆ ಕಾರಂತರ 'ಬೆಟ್ಟದ ಜೀವ' (1943). ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಯ ಮನೆ ಸೇರಿ ಕೆಲವು ದಿನ ಉಳಿಯುತ್ತಾನೆ. ಉಣ್ಣುತ್ತಾನೆ, ತೋಟ ನೋಡುತ್ತಾನೆ, ಬೆಟ್ಟ ಹತ್ತುತ್ತಾನೆ, ಮನೆ ಬಿಟ್ಟುಹೋದ ಮಗನ ನೋವನ್ನು ಅವರ ಮಾತಿನ ಸಂದಿಯಲ್ಲಿ ಕೇಳುತ್ತಾನೆ. ಅಂದರೆ ನೆಂಟರ ಮನೆಯಲ್ಲಿ ರಜೆ ಕಳೆಯುವ ನಮ್ಮ ಸ್ಥಿತಿಯೇ. ಎಲ್ಲಿ ಬಿಟ್ಟರೂ ಪರವಾಗಿಲ್ಲ, ಹಿಂದಿರುಗಿದಾಗ ಗೋಪಾಲಯ್ಯನವರು ಇನ್ನೂ ಜಗುಲಿಯಲ್ಲೇ ಇರುತ್ತಾರೆ.

ತೇಜಸ್ವಿಯವರದ್ದು ಒಂದಿರಲಿ ಎನ್ನುವವರಿಗೆ

ಕನ್ನಡಿಗರ ರಜೆಯ ಚೀಲದಲ್ಲಿ ಪೂರ್ಣಚಂದ್ರ ತೇಜಸ್ವಿ ಇಲ್ಲದಿದ್ದರೆ ಯಾರಾದರೂ ಒಬ್ಬರು 'ಯಾಕೆ ಇಲ್ಲ?' ಎಂದು ಕೇಳಿಯೇ ಕೇಳುತ್ತಾರೆ. ಆದರೆ 'ತೇಜಸ್ವಿ' ಎಂದರೆ ಒಂದೇ ಬಗೆ ಎಂದು ಭಾವಿಸಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳಬೇಡಿ.

'ಕರ್ವಾಲೊ' (1980) ಮೊದಲ ಓದಿಗೆ, ಮತ್ತು ಹತ್ತನೆಯ ಓದಿಗೆ. ಮೂಡಿಗೆರೆಗೆ ಜೇನುತುಪ್ಪ ತರಲು ಹೋದವನ ಕಥೆಯಾಗಿ ಶುರುವಾಗಿ, ಮಂದಣ್ಣನೆಂಬ ಹಳ್ಳಿಗನ ಬೆನ್ನು ಹಿಡಿದು, ಹಾರುವ ಓತಿಯ ಬೇಟೆಯಾಗಿ ಕಾಡು ಸೇರುತ್ತದೆ. ನಗು ಜಾಸ್ತಿ, ಎಳೆ ಒಂದೇ. ಮಗಳು, ಅಪ್ಪ, ಅಜ್ಜ ಮೂವರೂ ಸರದಿಯಲ್ಲಿ ಓದಬಹುದಾದದ್ದು.

'ಚಿದಂಬರ ರಹಸ್ಯ' (1985) ಮೇಲುನೋಟಕ್ಕೆ ಪತ್ತೇದಾರಿ. ಕೆಸರೂರಿನಲ್ಲಿ ಏಲಕ್ಕಿ ಬೆಳೆ ಕುಸಿದದ್ದೇಕೆ ಎಂದು ವಿಚಾರಿಸಲು ಒಬ್ಬ ಅಧಿಕಾರಿ ಬರುತ್ತಾನೆ. ಆದರೆ ಓದುತ್ತ ಓದುತ್ತ ಊರಿನ ಜಾತಿ, ಮತ, ಪ್ರೇಮ, ಪುಂಡಾಟ ಎಲ್ಲ ಸೇರಿ ಗಾಳಿ ದಟ್ಟವಾಗುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕೃತಿ, ಮೂರರಲ್ಲಿ ಹೆಚ್ಚು ದಿನ ಕಾಡುವುದೂ ಇದೇ. ಆದರೆ ಪಾತ್ರಗಳು ಹೆಚ್ಚು, ಎಳೆಗಳೂ ಹೆಚ್ಚು. ನೆಂಟರ ಮನೆಗಿಂತ ಮಳೆಗೆ ಸಿಕ್ಕಿಬಿದ್ದ ಹೋಂಸ್ಟೇಗೆ ಸರಿ.

'ಜುಗಾರಿ ಕ್ರಾಸ್' (1994) ಓಟದ ಪುಸ್ತಕ. ಏಲಕ್ಕಿ ಬೆಳೆಗಾರ ದಂಪತಿ ಸುರೇಶ ಮತ್ತು ಗೌರಿಯ ಸುತ್ತ ಹೆಚ್ಚುಕಡಿಮೆ ಒಂದು ದಿನದೊಳಗೆ ಎಲ್ಲವೂ ನಡೆದುಹೋಗುತ್ತದೆ. ಇದರ ಗುಣವೇ ಇದರ ದೋಷ: ಅರ್ಧಕ್ಕೆ ಬಿಡಲು ಆಗುವುದಿಲ್ಲ. ಊಟಕ್ಕೆ ಕರೆದಾಗ 'ಬಂದೆ' ಎಂದು ಮೂರು ಸಲ ಹೇಳಿ ಅಕ್ಕನಿಂದ ಬೈಸಿಕೊಂಡಿದ್ದು ಈ ಪುಸ್ತಕದ ದೆಸೆಯಿಂದ. ರಾತ್ರಿ ಬಸ್ಸಿಗೋ ರೈಲಿಗೋ ಇಟ್ಟುಕೊಳ್ಳಿ.

ಮಧ್ಯಾಹ್ನದ ಊಟ ಮತ್ತು ನಿದ್ದೆಯ ನಡುವಿನ ಅರ್ಧ ಗಂಟೆ

ಈ ಅರ್ಧ ಗಂಟೆ ಸಣ್ಣಕತೆಯದ್ದು. ಒಂದು ಕಥೆ, ಒಂದು ಕೋಳಿನಿದ್ದೆ. ಒಂದು ಸಂಕಲನ ಖಂಡಿತ ಇರಲಿ, ನಿಜ ಹೇಳಬೇಕೆಂದರೆ ಎರಡು ಇದ್ದರೂ ತಪ್ಪಿಲ್ಲ.

ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು, ಹಳ್ಳಿಗೆ ಹೋಗುವವರಿಗೆ. ಕೇಳಲು ವಿಚಿತ್ರ, ಆದರೆ ಅಡಿಕೆ ತೋಟದ ನಿಶ್ಶಬ್ದದಲ್ಲಿ ಕುಳಿತು ಲೋಕಲ್ ರೈಲು, ಚಾಳು, ಇರಾನಿ ಹೋಟೆಲುಗಳ ಬಗ್ಗೆ ಓದುವ ಸುಖವೇ ಬೇರೆ. 'ತೂಫಾನ್ ಮೇಲ್' ಸಂಕಲನದಿಂದ ಶುರು ಮಾಡಿ. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರು ಊರಿಗೆ ಬರುವಾಗ ಇದಕ್ಕೆ ತದ್ವಿರುದ್ಧ ಮಾಡಬೇಕು: ವೈದೇಹಿಯವರನ್ನು ಒಯ್ಯಬೇಕು. ಕುಂದಾಪುರದ ಮಾತಿನ ಸೊಗಡು, ಅಡುಗೆಮನೆ, ಹಿತ್ತಿಲುಗಳಲ್ಲಿ ಹೆಂಗಸರು ತಮ್ಮಲ್ಲೇ ಹೇಳಿಕೊಳ್ಳುವ ಸಂಗತಿಗಳು. 'ಕ್ರೌಂಚ ಪಕ್ಷಿಗಳು' 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಸಂಕಲನ.

ಬಾನು ಮುಷ್ತಾಕ್ ಅವರ ಕಥೆಗಳನ್ನು ಈಗ ಎಲ್ಲರೂ ಕೇಳುತ್ತಿದ್ದಾರೆ. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದಿಂದ ಹೋದ ಪುಸ್ತಕಕ್ಕೆ ಅದು ಮೊದಲ ಸಲ ಬಂತು, ಸಣ್ಣಕತೆಗಳ ಸಂಕಲನಕ್ಕೆ ಕೂಡ ಅದೇ ಮೊದಲು. ಕನ್ನಡ ಓದಬಲ್ಲವರು ಕನ್ನಡದಲ್ಲೇ ಓದಿ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಇವು ಊಟವಾದ ಮೇಲೆ ಅಡ್ಡಾಗಿ ಓದುವ ಕಥೆಗಳಲ್ಲ. ಒಂದು ಓದಿದರೆ ನಿದ್ದೆ ಬರುವುದಿಲ್ಲ, ಮನೆಯ ಹೆಂಗಸರು ಎಷ್ಟು ಹೊತ್ತಿಗೆ ಎದ್ದರು, ಎಷ್ಟು ಹೊತ್ತಿಗೆ ಊಟಕ್ಕೆ ಕುಳಿತರು ಎಂದು ಲೆಕ್ಕ ಹಾಕತೊಡಗುತ್ತೇವೆ. ಸಂಜೆಗೆ ಇಟ್ಟುಕೊಳ್ಳಿ, ಪಾತ್ರೆ ತೊಳೆದುಕೊಟ್ಟ ಮೇಲೆ.

ಕಥೆಯಲ್ಲದ್ದು

ಇಲ್ಲಿ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಕಥೆಯಲ್ಲದ ಪುಸ್ತಕ ಎಂದರೆ ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. 'ಹಸುರು ಹೊನ್ನು'ವಿನಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ನೋಡಲು ಕಾಡು ತಿರುಗುತ್ತಾರೆ, ಚಿತ್ರಗಳನ್ನು ತಾವೇ ಬಿಡಿಸಿದ್ದಾರೆ. ಲ್ಯಾಟಿನ್ ಹೆಸರು ಬಂತೆಂದು ಹೆದರುವಷ್ಟರಲ್ಲಿ ಒಂದು ಚೇಷ್ಟೆಯ ಮಾತು ಬಂದು ನಗಿಸುತ್ತದೆ. ಮಲೆನಾಡಿಗೋ ಕೊಡಗಿಗೋ ಹೋಗುವವರಿಗೆ ಇದೇ.

ತೋಟ, ಕಾಡು ಯಾವುದೂ ಇಲ್ಲದ ಕಡೆ ರಜೆ ಕಳೆಯುವವರಿಗೆ ಅವರದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಆಲೂಗಡ್ಡೆ, ಮೆಣಸಿನಕಾಯಿ, ಕಡಲೆಕಾಯಿ ಇವೆಲ್ಲ ಸಮುದ್ರ ದಾಟಿ ನಮ್ಮ ಎಲೆಗೆ ಬಂದ ಬಗೆ. ಇದರ ಪರೀಕ್ಷೆಯನ್ನು ಅಕ್ಕನ ಅಡುಗೆಮನೆಯಲ್ಲೇ ಮಾಡಿದೆ. ಒಗ್ಗರಣೆಗೆ ಒಣಮೆಣಸು ಮುರಿಯುತ್ತಿದ್ದ ಅಕ್ಕನಿಗೆ, ಪೋರ್ಚುಗೀಸರು ಬರುವ ಮೊದಲು ನಮ್ಮಲ್ಲಿ ಇದು ಇರಲೇ ಇಲ್ಲ ಎಂದೆ. ಕೈ ನಿಂತಿತು. 'ಹಾಗಾದರೆ ಸಾರಿಗೆ ಏನು ಹಾಕುತ್ತಿದ್ದರು?' 'ಕಾಳುಮೆಣಸು.' 'ಅದನ್ನು ಮೊದಲೇ ಹೇಳಬಾರದೇ? ಅದು ನಮ್ಮ ತೋಟದಲ್ಲೇ ಇದೆ.' ಆ ದಿನ ರಾತ್ರಿ ಸಾರು ಕಾಳುಮೆಣಸಿನದ್ದೇ ಆಯಿತು, ಪುಸ್ತಕ ಎರಡು ದಿನ ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯಿತು. ಬಿಡಿ ಬಿಡಿಯಾಗಿ ಯಾವ ಪುಟದಿಂದಲಾದರೂ ಓದಬಹುದಾದ್ದರಿಂದ ನೆಂಟರ ಮನೆಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಪ್ರವಾಸ ಕಥನ ಬೇಕೆನ್ನುವವರಿಗೆ ಒಂದು ಮಾತು. ತಾವೇ ಪ್ರವಾಸದಲ್ಲಿರುವಾಗ ಇನ್ನೊಬ್ಬರ ಪ್ರವಾಸ ಓದಿದರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಆದ್ದರಿಂದ ರಜೆಗೆ ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿಯುವವರಿಗೆ ಇದು ಹೆಚ್ಚು ಹೊಂದುತ್ತದೆ. ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ದೂರದ ಜಗತ್ತು, 'ಅಮೆರಿಕದಲ್ಲಿ ಗೊರೂರು' ದೂರದ ಜಗತ್ತನ್ನು ಹಾಸನದ ಕಣ್ಣಿನಿಂದ ನೋಡುವುದು. ನಗಬೇಕಾದರೆ ಎರಡನೆಯದು.

ಪದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯಗಳಿವೆ, ಒಂಬತ್ತು ದಿನಕ್ಕೆ ಒಂಬತ್ತು ಸಾಕು. ಹೊಸದಾಗಿ ಮದುವೆಯಾದವರು ಕಗ್ಗವನ್ನು ಮನೆಯಲ್ಲೇ ಬಿಟ್ಟು 'ಮೈಸೂರು ಮಲ್ಲಿಗೆ' ಒಯ್ಯಲಿ.

ಜೊತೆಗೆ ಬರುವವರನ್ನು ಮರೆತರೆ

ನಿಮಗೊಬ್ಬರಿಗೇ ಚೀಲ ಕಟ್ಟಿದರೆ ನಡೆಯುವುದಿಲ್ಲ. ನಮ್ಮ ಜೊತೆ ಅತ್ತೆ ಬರುತ್ತಾರೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಸಣ್ಣ ಅಕ್ಷರ ಓದಲು ಬೇಸರ. ಮಗಳು ಒಂಬತ್ತನೇ ತರಗತಿ, ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಒತ್ತಕ್ಷರ ಬಂದರೆ ನಿಂತು ನಿಂತು ಓದುತ್ತಾಳೆ. ಇಬ್ಬರ ಸಮಸ್ಯೆಗೂ ಒಂದೇ ಮದ್ದು: ಗಟ್ಟಿಯಾಗಿ ಓದುವ ಪುಸ್ತಕ.

ಮೊದಲು ತ್ರಿವೇಣಿಯವರ 'ಬೆಕ್ಕಿನ ಕಣ್ಣು' ತಂದೆ. ಅತ್ತೆಗೆ ಹಿಡಿಸಿತು, ಆದರೆ ಕಥೆ ಮೊದಲೇ ಗೊತ್ತಿತ್ತು, ಮಗಳಿಗೆ ಮುಂದಿನದ್ದನ್ನು ಹೇಳಿಬಿಡುತ್ತಿದ್ದರು. ಮರುವರ್ಷ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಬಾಲ್ಯದಲ್ಲೇ ವಿಧವೆಯಾದ ಹೆಣ್ಣೊಬ್ಬಳ ಇಡೀ ಬಾಳು, ಎಲ್ಲೂ ಅಳಿಸಬೇಕೆಂಬ ಹಟವಿಲ್ಲದೆ ಹೇಳಿದ್ದು. ಮಗಳು ಓದಿದಳು, ಅತ್ತೆ ಕೇಳಿದರು. ಮಗಳು ಎಡವಿದ ಕಡೆ ಅತ್ತೆ ತಿದ್ದಿದರು. 'ಮಡಿ' ಎಂದರೇನು, ತಲೆ ಬೋಳಿಸುವುದೇಕೆ ಎಂದು ಮಗಳು ಕೇಳಿದಾಗ ಅತ್ತೆ ತಮ್ಮ ಸೋದರತ್ತೆಯ ಕಥೆ ತೆಗೆದರು. ಅದು ನನ್ನ ಹೆಂಡತಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಾಗಾಗಿ ಇವೆರಡರಲ್ಲಿ ನನ್ನ ಮತ 'ಫಣಿಯಮ್ಮ'ನಿಗೆ.

ಮಗಳೊಬ್ಬಳೇ ಓದಲು ತೇಜಸ್ವಿಯವರ 'ಪರಿಸರದ ಕತೆ' ಸರಿಹೋಯಿತು. ಅಧ್ಯಾಯಗಳು ಚಿಕ್ಕವು, ಕಿವಿ ಎಂಬ ನಾಯಿ ಇದೆ, ಮಾಸ್ತಿ, ಬೈರ ಎಂಬ ಮರೆಯಲಾಗದ ಜನ ಇದ್ದಾರೆ. ನಿಧಾನವಾಗಿ ಓದುವ ಮಕ್ಕಳಿಗೆ 'ಕರ್ವಾಲೊ'ಗಿಂತ ಮೊದಲು ಇದನ್ನು ಕೊಡಿ, ಒಂದು ಅಧ್ಯಾಯ ಮುಗಿಸಿದ ಹೆಮ್ಮೆ ಬೇಗ ಸಿಗುತ್ತದೆ.

ಮೊಬೈಲಿನಲ್ಲಿ ಓದುವವರಿಗೆ, ಕೇಳುವವರಿಗೆ ಹೇಳುವುದು ಇಷ್ಟೇ: ಮನೆ ಬಿಡುವ ಮೊದಲೇ ಇಳಿಸಿಕೊಳ್ಳಿ. ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಅಲ್ಲಿ ಆಗಲೇ ಯಾರೋ ನಿಂತಿರುತ್ತಾರೆ. ಇನ್ನು, ದಸರಾಕ್ಕೆ ಬದಲು ದೀಪಾವಳಿಗೆ ಹೋಗುವವರು ಒಂದು ವಿಶೇಷಾಂಕ ಕೊಂಡರೆ ಒಂದು ಪುಸ್ತಕ ಕಡಿಮೆ ಮಾಡಬಹುದು. ಕಥೆ, ಪ್ರಬಂಧ, ಕವಿತೆ, ನಗೆಬರಹ ಎಲ್ಲ ಒಂದೇ ಕಟ್ಟಿನಲ್ಲಿ, ಹಂಚಿಕೊಂಡು ಓದಲು ಜಗಳವಿಲ್ಲ. ಅಟ್ಟ ಸೇರಿದ ಮೇಲೆ ಇಪ್ಪತ್ತು ವರ್ಷ ಬಿಟ್ಟು ಬರುವ ನನ್ನಂಥವರಿಗೂ ಉಪಕಾರ.

ಚೀಲದಲ್ಲಿ ಒಂದು ಪುಸ್ತಕದ ಜಾಗ ಖಾಲಿ ಬಿಡುವುದೂ ನನ್ನ ಪದ್ಧತಿ. ಸಾಗರದ ಕಡೆ ಹೋದರೆ ಹೆಗ್ಗೋಡಿನ ಅಕ್ಷರ ಪ್ರಕಾಶನ ಇದೆ, ಧಾರವಾಡಕ್ಕೆ ಹೋದರೆ 1933ರಿಂದ ನಡೆಯುತ್ತಿರುವ ಮನೋಹರ ಗ್ರಂಥಮಾಲೆ ಇದೆ. ಅಲ್ಲಿಂದ ಬರಿಗೈಯಲ್ಲಿ ಬರಲು ನನಗಂತೂ ಆಗಿಲ್ಲ.

ಹೋದ ದಸರಾಕ್ಕೆ ಕಡೆಗೂ ಚೀಲ ಸೇರಿದ್ದು ಇವು: 'ಪರ್ವ', 'ತೂಫಾನ್ ಮೇಲ್', ಸ್ವಾಮಿಯವರ ಹೊಟ್ಟೆಯ ಪುಸ್ತಕ, ಅತ್ತೆ ಇನ್ನೊಮ್ಮೆ ಬೇಕೆಂದ 'ಫಣಿಯಮ್ಮ', ಬಸ್ಸಿಗೆ 'ಜುಗಾರಿ ಕ್ರಾಸ್'. ತೂಕದ ಯಂತ್ರ ಎರಡು ಕಿಲೋ ತೋರಿಸಲಿಲ್ಲ. 'ಪರ್ವ' ಮುಗಿಯಲಿಲ್ಲ, ದ್ರೌಪದಿಯ ಭಾಗದವರೆಗೆ ಬಂದಿದ್ದೇನೆ. ಉಳಿದ ಮೂರು ಮುಗಿದವು. ಬಸ್ಸಿನಲ್ಲಿ ಓದಿ ಮುಗಿಸಿದ್ದ 'ಜುಗಾರಿ ಕ್ರಾಸ್' ಅನ್ನು ಮೊದಲ ದಿನವೇ ಭಾವ ಜಗುಲಿಯಿಂದ ಎತ್ತಿಕೊಂಡರು. ಮಾರನೆಯ ಬೆಳಗ್ಗೆ ತೋಟಕ್ಕೆ ಹೋಗೋಣ ಬನ್ನಿ ಎಂದು ನಾನೇ ಕರೆದೆ. 'ಇರು, ಬಂದೆ' ಎಂದರು. ಪುಸ್ತಕ ಇನ್ನೂ ಅವರ ಹತ್ತಿರವೇ ಇದೆ.